ಗುಟ್ಟಿನ ಭಾಷೆಯಲ್ಲಿ ಕಟ್ಟಿಸಿದ ಮನೆ

ಕನ್ನಡದ ಮೇಲೆ ನನಗಿರುವ ಪ್ರೀತಿಗೆ ಸಭೆಗಳಲ್ಲಿ ಹೇಳುವಂಥ ಕಾರಣ ಯಾವುದೂ ಇಲ್ಲ. ಹೈದರಾಬಾದಿನಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ ಎಂಬುದೇ ಕಾರಣ. ದಿಲ್‌ಸುಖ್‌ನಗರದ ಸೀರೆ ಅಂಗಡಿಯಲ್ಲಿ ನನ್ನ ಹೆಂಡತಿ ಗಿರಿಜಾ ಮುಖದ ಗೆರೆಯೊಂದೂ ಅಲುಗದಂತೆ, "ಸೀರಿ ಭಾಳ ಚೊಲೋ ಐತಿ, ನೀವು ಮಾತ್ರ ಮಾರಿ ಗಂಟು ಹಾಕ್ಕೊಂಡು ಕೂಡ್ರಿ" ಎನ್ನುತ್ತಾಳೆ. ನಾನು ಗಂಟು ಹಾಕಿಕೊಳ್ಳುತ್ತೇನೆ. ಅಂಗಡಿಯವನು ಬೆಲೆ ಇಳಿಸುತ್ತಾನೆ. ಬಸ್ಸಿನಲ್ಲಿ ಪಕ್ಕದವರ ಬಗ್ಗೆ, ಮದುವೆ ಊಟದಲ್ಲಿ ಬಡಿಸುವವರ ಬಗ್ಗೆ, ಡಾಕ್ಟರರ ಎದುರಿಗೇ ಡಾಕ್ಟರರ ಬಗ್ಗೆ ನಾವು ನಿರಾತಂಕವಾಗಿ ಮಾತಾಡಿಕೊಂಡು ಬಂದಿದ್ದೇವೆ. ಊರಿನಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ನಮಗೆ ಒಬ್ಬ ನೆಂಟನೂ ಉಳಿಯುತ್ತಿರಲಿಲ್ಲ.

ನಮ್ಮೂರು ತಾಳಿಕೋಟೆ. ಹೆಸರು ಕೇಳಿದವರೆಲ್ಲ ಯುದ್ಧವನ್ನು ನೆನೆಯುತ್ತಾರೆ. ನನಗೂ ಅದೇ ನೆನಪಾಗುತ್ತದೆ, ಯಾಕೆಂದರೆ ಗಿರಿಜಾ ಕೂಡ ಅದೇ ಊರಿನವಳು. ರೈಲ್ವೆ ಕಚೇರಿಯ ಗುಮಾಸ್ತನಾಗಿ ನಾನು ಹೈದರಾಬಾದಿನ ಮಲ್ಕಾಜ್‌ಗಿರಿಗೆ ಬಂದೆ, ನನ್ನನ್ನು ಕಟ್ಟಿಕೊಂಡ ತಪ್ಪಿಗೆ ಅವಳೂ ಬಂದಳು. ಎಷ್ಟೋ ಕ್ವಾರ್ಟರ್ಸುಗಳಲ್ಲಿ ಸಂಸಾರ ಮಾಡಿದೆವು. ಅವುಗಳಲ್ಲಿ ಒಂದನ್ನೂ ಅವಳು 'ನಮ್ಮನಿ' ಎನ್ನಲಿಲ್ಲ. 'ನಮ್ಮನಿ' ಎಂದರೆ ತಾಳಿಕೋಟೆಯ ಮನೆ, ಇಲ್ಲಿಯದು 'ನಿಮ್ಮ ಕ್ವಾರ್ಟರ್ಸ್'. ನಿವೃತ್ತಿ ಹತ್ತಿರ ಬಂದಾಗ ಊರಿಗೆ ಹೋಗೋಣ ಎಂದವಳು ಅವಳು. ಇಲ್ಲೇ ಇರೋಣ ಎಂದು ಸ್ಟೇಷನ್ನಿನ ಆಚೆ ಒಂದು ಜಾಗ ಹಿಡಿದವನು ನಾನು. ಅವಳು ಜಗಳವಾಡದೆ ಒಪ್ಪಿದಳು. ಅವಳು ಜಗಳವಾಡದಿದ್ದರೆ ನನಗೆ ಹೆದರಿಕೆಯಾಗುತ್ತದೆ. ಮನೆಯೇನೋ ಎದ್ದೀತು, ಆದರೆ ಅದನ್ನು ಈಕೆ ತನ್ನದು ಎಂದಾಳೇ ಎಂಬ ಚಿಂತೆ ಪಾಯ ತೋಡುವ ಮೊದಲೇ ನನ್ನೊಳಗೆ ಹೊಕ್ಕಿತ್ತು.

ಪರವೂರಿನಲ್ಲಿ ಮನೆ ಕಟ್ಟಿಸುವವನಿಗೆ ಮೊದಲು ಎದುರಾಗುವ ಪ್ರಶ್ನೆ ಸಿಮೆಂಟಿನದಲ್ಲ, ಮೇಸ್ತ್ರಿಯದು. ನಮ್ಮವನನ್ನು ಹಿಡಿಯಬೇಕೋ, ಇಲ್ಲಿಯವನನ್ನು ಹಿಡಿಯಬೇಕೋ? ಗಿರಿಜಾ ನಮ್ಮವನೇ ಆಗಬೇಕೆಂದಳು. "ನಮ್ಮ ಮಂದಿ ಕೈ ಹತ್ತಿದ್ರ ಗ್ವಾಡಿಗೂ ನಮ್ಮ ಮಾತು ತಿಳೀತೈತಿ" ಎಂಬುದು ಅವಳ ವಾದ. ನನ್ನ ವಾದ ಬೇರೆ. ನಮ್ಮವನನ್ನು ಬಯ್ಯಲಿಕ್ಕೆ ಬರುವುದಿಲ್ಲ. ಇದೇ ಹೈದರಾಬಾದಿನ ಕೊಂಡಾಪುರದಲ್ಲಿರುವ ನನ್ನ ಗೆಳೆಯನೊಬ್ಬ ನಮ್ಮ ಕಡೆಯ ಮೇಸ್ತ್ರಿಯನ್ನು ಹಿಡಿದಿದ್ದ. ಮಾತಿನಲ್ಲಿ ಮಾತು ಬಂದು, ಆತ ಗೆಳೆಯನ ಅತ್ತಿಗೆಯ ತವರಿಗೆ ಬಳಗವಾಗಬೇಕೆಂದು ಪತ್ತೆಯಾಯಿತು. ಅಲ್ಲಿಗೆ ಗೆಳೆಯನ ಬಾಯಿ ಕಟ್ಟಿತು. ಪಡಸಾಲೆಯ ಗೋಡೆ ವಾಲಿದೆ ಎಂದರೆ ಆತ, "ಏನ್ರಿ ಕಾಕಾ, ನಮ್ಮವರಾಗಿ ನೀವ ಹಿಂಗಂದ್ರ ಹೆಂಗ?" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವನು. ಈಗ ಆ ಗೋಡೆಯ ಮೇಲೆ ಗೆಳೆಯನ ಮಾವನವರ ದೊಡ್ಡ ಫೋಟೋ ಇದೆ. ಗೋಡೆಗೆ ಹೊಂದಲೆಂದು ಅದನ್ನೂ ಸೊಟ್ಟಗೇ ತೂಗುಹಾಕಿದ್ದಾನೆ.

ಹೀಗಾಗಿ ನಾನು ಅಪ್ಪಾರಾವ್ ಎಂಬ ಮೇಸ್ತ್ರಿಯನ್ನು ಗೊತ್ತುಮಾಡಿದೆ. ಅಚ್ಚ ತೆಲುಗಿನವನು, ಮನಸಾರೆ ಬಯ್ಯಬಹುದು. ಆದರೆ ನಾನು ತೆಲುಗು ಕಲಿತದ್ದು ಮೇಲಧಿಕಾರಿಗಳ ಹತ್ತಿರ ರಜೆ ಕೇಳುತ್ತಾ ಕೇಳುತ್ತಾ. ನನ್ನ ತೆಲುಗಿನಲ್ಲಿ ವಿನಯ ಬಿಟ್ಟರೆ ಬೇರೇನೂ ಇಲ್ಲ. ಬೈಗುಳವೂ ಬಹುವಚನದಲ್ಲಿ, ತಲೆ ಬಗ್ಗಿಸಿಕೊಂಡೇ ಬರುತ್ತದೆ. ಬಾಗಿಲ ಚೌಕಟ್ಟು ತಪ್ಪಿದೆ ಎಂದು ನಾನು ಕೆಂಡವಾಗಿ ಕೂಗಾಡಿದ ದಿನ ಅಪ್ಪಾರಾವ್ ನಗುತ್ತಾ ನನಗೆ ಚಹಾ ತರಿಸಿದ. ಹೊಗಳಿದೆ ಎಂದುಕೊಂಡಿರಬೇಕು.

"ಕಟ್ಟಸ್ರಿ. ನಿಮ್ಮ ಮನಿ, ನಿಮ್ಮ ಮೇಸ್ತ್ರಿ" ಎಂದಳು ಗಿರಿಜಾ. ಆ ಮಾತು ನನಗೆ ನಾಟಿತು. ಆದರೂ ಸಂಜೆಯಾಗುತ್ತಲೇ ನನ್ನ ಜೊತೆ ಕೆಲಸ ನೋಡಲು ಬರುತ್ತಿದ್ದಳು. ಇಟ್ಟಿಗೆಗಳ ಮೇಲೆ ಕುಳಿತು ನಾವು ನಮ್ಮ ಗುಟ್ಟಿನ ಭಾಷೆಯಲ್ಲಿ ಹರಟುತ್ತಿದ್ದೆವು. ಎದುರಿಗೆ ಒಬ್ಬ ಗೌಂಡಿ ಗೋಡೆ ಏರಿಸುತ್ತಿದ್ದ, ಅವನ ಹೆಂಡತಿ ಬುಟ್ಟಿಯಲ್ಲಿ ಸಿಮೆಂಟಿನ ಮಾಲು ಹೊತ್ತು ಕೊಡುತ್ತಿದ್ದಳು. ಅಪ್ಪಾರಾವನೊಂದಿಗೆ ಅವರದು ಚುಟುಕು ತೆಲುಗು, ನಮ್ಮೊಂದಿಗೆ ಮಾತೇ ಇಲ್ಲ. ಕೂಲಿಯವರು ಮಾಲೀಕರ ಜೊತೆ ಸಲಿಗೆ ಬೆಳೆಸುವುದನ್ನು ಮೇಸ್ತ್ರಿಗಳು ಸಹಿಸುವುದಿಲ್ಲ. ಮುಂದಿನ ಕೆಲಸಕ್ಕೆ ನೇರ ಅವರನ್ನೇ ಕರೆದುಬಿಟ್ಟಾರು ಎಂಬ ಭಯ. ಆ ಮೌನ ನಮಗೆ ಬಹಳ ಅನುಕೂಲವಾಗಿತ್ತು.

ಮನೆ ಮುಗಿಯುತ್ತಾ ಬಂದ ಒಂದು ಸಂಜೆ ಗಿರಿಜಾ ಬೀದಿಯಲ್ಲಿ ನಿಂತು ಬಾಗಿಲನ್ನೇ ನೋಡುತ್ತಿದ್ದಳು. "ಎಲ್ಲಾ ಐತಿ, ಒಂದು ಕಟ್ಟಿ ಇಲ್ಲ. ಸಂಜೀಗೆ ಬಾಗಲ ಮುಂದ ಕೂಡಾಕ ಜಾಗಾ ಇಲ್ಲಂದ್ರ ಅದು ಮನಿ ಅಲ್ಲ, ಗೋದಾಮು" ಎಂದಳು. ಬಾಗಿಲ ಮಗ್ಗುಲಲ್ಲಿ ಕಾರು ಹತ್ತಿಸಲು ಅಪ್ಪಾರಾವ್ ಇಳಿಜಾರು ಬಿಟ್ಟಿದ್ದ. ನಮಗಿರುವುದು ಒಂದು ಹಳೇ ಸ್ಕೂಟರ್.

"ಅಪ್ಪಾರಾವಗ ಕಟ್ಟಿ ಅಂದ್ರ ಎಲ್ಲಿ ತಿಳೀಬೇಕು?" ಎಂದೆ. ಸೋತ ಸಿಟ್ಟನ್ನು ಎಲ್ಲಾದರೂ ತೀರಿಸಬೇಕಲ್ಲ, ಗೌಂಡಿಯ ಹೆಂಡತಿಯನ್ನು ನೋಡಿ, "ಈಕೀನ ನೋಡು, ಆಗಿಂದ ಖಾಲಿ ಬುಟ್ಟಿ ಹಿಡ್ಕೊಂಡು ಗೊಂಬಿಹಂಗ ನಿಂತಾಳ. ಇಂಥವರನ್ನ ಕಟ್ಕೊಂಡು ಮನಿ ಕಟ್ಟಬೇಕು" ಎಂದೂ ಸೇರಿಸಿದೆ.

ಆಮೇಲೆ ನಾಲ್ಕಾರು ದಿನ ಕಚೇರಿಯ ಕೆಲಸದಲ್ಲಿ ಆ ಕಡೆ ಹೋಗಲಾಗಲಿಲ್ಲ. ಮುಂದಿನ ಭಾನುವಾರ ಹೋಗಿ ನೋಡುತ್ತೇವೆ, ಬಾಗಿಲ ಮಗ್ಗುಲಲ್ಲಿ ಕಟ್ಟೆ! ಉಳಿದ ಇಟ್ಟಿಗೆಯದು, ಮೇಲೆ ಉಳಿದ ಶಹಾಬಾದ್ ಕಲ್ಲು. ಇಳಿಜಾರಿನಲ್ಲಿ ಸ್ಕೂಟರಿಗೆ ಬೇಕಾದಷ್ಟೇ ಜಾಗ ಬಿಟ್ಟಿದ್ದರು. ಅಪ್ಪಾರಾವನನ್ನು ಕೇಳಿದರೆ, ನೀವೇ ಹೇಳಿದ್ದಿರಂತಲ್ಲ ಎಂದು ತಿರುಗಿ ಕೇಳಿ ಒಳಗೆ ಹೋದ. ಅಂಚಿಗೆ ಸಿಮೆಂಟು ತೀಡುತ್ತಿದ್ದ ಆ ಹೆಣ್ಣುಮಗಳು ತಲೆ ಎತ್ತದೆ ಹೇಳಿದಳು:

"ಆವತ್ತು ಆ ಬುಟ್ಟಿ ತಳಾ ಹರಿದಿತ್ತುರಿ ಸಾಹೇಬ್ರ. ಬ್ಯಾರೆ ಬುಟ್ಟಿ ತರಾಕ ಹೋಗಿದ್ರು, ಅದಕ್ಕ ನಿಂತಿದ್ದೆ."

ನಾನು ಗೊಂಬೆಯಂತೆ ನಿಂತೆ. ಗಿರಿಜಾ ನಕ್ಕಳು. ಎಷ್ಟು ನಕ್ಕಳೆಂದರೆ, ತಡೆಯಲಾರದೆ ಕಟ್ಟೆಯ ಮೇಲೆ ಕೂರಲು ಹೋದಳು. "ಹಸೀ ಐತಿರಿ ಅಕ್ಕಾರ, ನಾಳಿ ಕೂಡ್ರಿ" ಎಂದು ಆಕೆ ಕೈ ಅಡ್ಡ ಹಿಡಿದಳು. ಹೆಸರು ದೇವಮ್ಮ, ಗಂಡ ಹಣಮಂತ, ಊರು ಸುರಪುರದ ಹತ್ತಿರ. ತಾಳಿಕೋಟೆಯ ಸಂತೆಗೆ ಬಂದು ಹೋದವರೇ.

"ಮೊದಲ ಯಾಕ ಹೇಳಲಿಲ್ಲವಾ?" ಎಂದಳು ಗಿರಿಜಾ.

"ಹೇಳಿದ್ರ ನೀವು ಮಾತಾಡೂದು ಬಿಡ್ತಿದ್ರಿ. ದಿನಾ ಸಂಜೀಗೆ ನೀವು ಬಂದು ಕುಂತ್ರ ನಮಗ ದಣುವು ಗೊತ್ತಾಗತಿರಲಿಲ್ಲರಿ."

ಆ ರಾತ್ರಿ ನಾವಿಬ್ಬರೂ ಆ ಇಟ್ಟಿಗೆಗಳ ಮೇಲೆ ಏನೇನು ಮಾತಾಡಿದ್ದೆವೆಂದು ನೆನಪು ಮಾಡಿಕೊಂಡೆವು. ನನ್ನ ಗೊರಕೆ, ಅವಳ ಅಣ್ಣನ ಸಾಲದ ಚಾಳಿ, ನನ್ನ ಮೂಲವ್ಯಾಧಿ. ಹಣಮಂತ ಒಮ್ಮೊಮ್ಮೆ ಕೆಲಸ ನಿಲ್ಲಿಸಿ ಗೋಡೆಯ ಕಡೆ ಮುಖ ಮಾಡಿ ಕೆಮ್ಮುತ್ತಿದ್ದುದು ಕೆಮ್ಮಾಗಿರಲಿಲ್ಲ ಎಂದು ಆಗ ಹೊಳೆಯಿತು. ನಾಚಿಕೆಯಾಯಿತು. ಯಾಕೋ ಹಗುರವೂ ಆಯಿತು.

ಇನ್ನೊಂದು ವಿಷಯ ನಿಧಾನಕ್ಕೆ ತಿಳಿಯಿತು. 'ಇಲ್ಲಿಯವನು' ಎಂದು ನಾನು ಹಿಡಿದ ಅಪ್ಪಾರಾವ್ ದೂರದ ಶ್ರೀಕಾಕುಳಂನವನು. ಅವನೂ ನನ್ನ ಹಾಗೆ ಬಂದವನೇ. ನಿಜಾಮರ ಕಾಲದಲ್ಲಿ ಈ ಊರಿನಲ್ಲಿ ಎರಡು ಶಬ್ದಗಳಿದ್ದವು: ಮುಲ್ಕಿ ಎಂದರೆ ನಾಡಿನವನು, ಗೈರ್ ಮುಲ್ಕಿ ಎಂದರೆ ಹೊರಗಿನವನು. ಸುರಪುರ ನಿಜಾಮರ ರಾಜ್ಯದಲ್ಲಿತ್ತು, ನಮ್ಮ ತಾಳಿಕೋಟೆ ಮುಂಬಯಿ ಕಡೆಗಿತ್ತು. ಆ ಲೆಕ್ಕದಲ್ಲಿ ನನ್ನ ನಿವೇಶನದಲ್ಲಿ ಓಡಾಡಿದವರ ಪೈಕಿ ಹೈದರಾಬಾದಿನ ಅಸಲು ಮುಲ್ಕಿಗಳೆಂದರೆ ದೇವಮ್ಮ, ಹಣಮಂತ ಇಬ್ಬರೇ. ಅವರ ಅಜ್ಜಂದಿರಿಗೆ ಇದು ರಾಜಧಾನಿ. ನಮ್ಮವನೋ ಇಲ್ಲಿಯವನೋ ಎಂದು ನಾನೂ ಗಿರಿಜಾಳೂ ಮಾಡಿದ ಜಗಳದಲ್ಲಿ ಇಬ್ಬರೂ ಗೆದ್ದಿದ್ದೆವು, ಯಾರಿಗೂ ಅದು ಗೊತ್ತಿರಲಿಲ್ಲ.

ಗೃಹಪ್ರವೇಶಕ್ಕೆ ಗಿರಿಜಾ ದೇವಮ್ಮನಿಗೆ ಇಳಕಲ್ ಸೀರೆ ಉಡಿಸಿದಳು. ಆಮೇಲೆ ಅವರು ಕೊಂಡಾಪುರದಲ್ಲಿ ಯಾವುದೋ ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋದರು. ಕಟ್ಟೆಯ ಮೇಲೆ ಈಗ ಸಂಜೆ ಓಣಿಯ ಹೆಂಗಸರು ಕೂರುತ್ತಾರೆ, ಗಿರಿಜಾಳ ತೆಲುಗು ನನ್ನದಕ್ಕಿಂತ ಖಾರವಾಗಿದೆ. ಇಷ್ಟಾದರೂ ತಂಗಿಗೆ ಫೋನಿನಲ್ಲಿ ಹೇಳುವಾಗ, "ನಿಮ್ಮ ಮಾಮಾರ ಮನಿ ಮುಂದ ಕಟ್ಟಿ ಆಗೇತಿ" ಎಂದೇ ಹೇಳುತ್ತಿದ್ದಳು. ಮಾಮಾರ ಮನಿ! ಅವಳ 'ನಮ್ಮನಿ' ಇನ್ನೂ ತಾಳಿಕೋಟೆಯಲ್ಲೇ ಇತ್ತು.

ಮೊನ್ನೆ ಗೆಳೆಯನನ್ನು ನೋಡಲು ಕೊಂಡಾಪುರಕ್ಕೆ ಹೋಗಿದ್ದೆವು. ದಾರಿಯಲ್ಲಿ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು, ಸಾರ್ವೆಯ ಮೇಲೆ ಜನ. ಗಿರಿಜಾ ಥಟ್ಟನೆ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಅಯ್ಯ, ಆ ಗ್ವಾಡಿ ಎಷ್ಟು ಸೊಟ್ಟ ಏರಸ್ಯಾರ ನೋಡ್ರಿ!"

ಮೇಲೆ ಒಂದು ಕರಣೆ ನಿಂತಿತು. ಗೊತ್ತಿಲ್ಲದ ಯಾರೋ ಹೆಂಗಸಿನ ದನಿ ಇಳಿದುಬಂತು: "ಗ್ವಾಡಿ ನೆಟ್ಟಗೈತ್ರಿ ಅಕ್ಕಾರ, ನೀವ ಸೊಟ್ಟ ನಿಂತೀರಿ!"

ಸಾರ್ವೆ ಪೂರ್ತಿ ನಕ್ಕಿತು. ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕು, ಕತ್ತು ಮೇಲೆತ್ತಿ ಕೂಗಿದಳು: "ಮಲ್ಕಾಜ್‌ಗಿರಿ ಕಡೆ ಬಂದ್ರ ನಮ್ಮನಿಗೆ ಬರ್ರೇ ಯವ್ವಾ, ಕೂಡಾಕ ಕಟ್ಟಿ ಐತಿ!"

ನಾನು ಏನೂ ಕೇಳಿಸದವನ ಹಾಗೆ ರಸ್ತೆ ನೋಡುತ್ತಾ ನಿಂತೆ. ಕೇಳಿಸಿತೆಂದು ತೋರಿಸಿಕೊಂಡರೆ ಜನ ಮಾತಾಡುವುದನ್ನೇ ಬಿಟ್ಟುಬಿಡುತ್ತಾರೆ ಎಂದು ದೇವಮ್ಮ ಹೇಳಿದ್ದಳಲ್ಲ.