ಗಾಳಿಗೇಟಿನ ಮುಂದೆ ರುಕ್ಮಕ್ಕ

ರುಕ್ಮಕ್ಕ ಕೂತಿದ್ದನ್ನು ನಾನು ಯಾವತ್ತೂ ನೋಡಿಲ್ಲ, ನಿಜವಾಗಿ! ರೊಟ್ಟಿ ಬಡಿಯೋಕಾದರೂ ಕೂರಬೇಕಲ್ಲ ಅಂತ ನೀವು ಕೇಳಬಹುದು. ಇಲ್ಲ, ಅದಕ್ಕೂ ಎತ್ತರದ ಕಟ್ಟೆ ಮಾಡಿಸಿಕೊಂಡು ನಿಂತೇ ಬಡಿಯುತ್ತಾಳೆ. ಪೀಣ್ಯದಲ್ಲಿ ನಮ್ಮಜ್ಜಿ ನಾಗಲಕ್ಷ್ಮಮ್ಮನ ರಾಗಿಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳ ಸಾಲಿದೆ, ಅದರಲ್ಲಿ ಕೊನೆಯದು ರುಕ್ಮಕ್ಕನದು. ಇಂಡಿ ಕಡೆಯವಳು. ಮಗ ಬಸಲಿಂಗ ಊರಲ್ಲೇ ಓದುತ್ತಿದ್ದಾನೆ. ಗಂಡ ಮಲಕಪ್ಪಣ್ಣ ಲೋಹಕ್ಕೆ ಹೊಳಪು ಕೊಡುವ ಒಂದು ಶೆಡ್ಡಿನಲ್ಲಿ ಕೆಲಸಗಾರ. ಇವಳು ಬೆಳಗಾಗುವ ಮೊದಲೇ ಪಟಪಟ ರೊಟ್ಟಿ ಬಡಿದು, ಬುಟ್ಟಿ ಹೊತ್ತು, ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಹೆಚ್ಚುಕಡಿಮೆ ಓಡಿಕೊಂಡೇ ಮಾರುತ್ತಾಳೆ. ಮಿಕ್ಸಿ ಜೋರಾಗಿ ಸದ್ದು ಮಾಡಿದರೆ ಅದಕ್ಕೂ ಬೈಗುಳ. "ಒದರಬ್ಯಾಡ, ನಂಗೇನ್ ಕಿವಿ ಕೇಳಂಗಿಲ್ಲೇನು?"

ಗಾಳಿಗೇಟುಗಳು ಬಂದಮೇಲೆ ಬೆಂಗಳೂರು ಎರಡು ಊರಾಗಿದೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಕಡೆ ಶೋಧಿಸಿದ ಗಾಳಿ, ನಮ್ಮ ಶೆಡ್ಡುಗಳ ಕಡೆ ಬಂದಿದ್ದೇ ಗಾಳಿ. ಇಲ್ಲಿ ಎಲ್ಲಾದರೂ ಹೊಗೆ ಸೋರಿದರೆ ಆ ಬ್ಲಾಕಿನ ಸುತ್ತ ಮುಗಿಲೆತ್ತರದ ಗಾಜಿನ ಗೇಟುಗಳು ತಾವೇ ಮುಚ್ಚಿಕೊಳ್ಳುತ್ತವೆ. ಒಳಗೆ ಸಿಕ್ಕಿದವರನ್ನು ಬಸ್ಸಿಗೆ ತುಂಬಿ ತಪಾಸಣೆ ಅಂತ ನೆಲಮಂಗಲದಾಚೆಯ ಶಿಬಿರಕ್ಕೆ ಸಾಗಿಸುತ್ತಾರೆ. ನಮ್ಮ ವಠಾರದ ದೇವರಾಜ್ ಯುಗಾದಿ ಹೊತ್ತಿಗೆ ಹೋದವನು ದಸರಾ ಕಳೆದ ಮೇಲೆ ಬಂದ, ಕೆಲಸವೂ ಹೋಗಿತ್ತು, ಅರ್ಧ ಮೈಯೂ ಇಳಿದಿತ್ತು. ತಪ್ಪಿಸಿಕೊಳ್ಳುವ ದಾರಿ ಒಂದೇ. ಬಸ್ಸು ಹೊರಡುವುದರೊಳಗೆ ಮನೆಯವರು ಬಂದು ಗೇಟಿನ ಮೈಕಿನಲ್ಲಿ ಹೆಸರು ಹಿಡಿದು ಕರೆಯಬೇಕು. ಕೆಲಸಗಾರರ ಮನೆಯವರ ದನಿಗಳನ್ನೆಲ್ಲ ಗೇಟಿಗೆ ಮೊದಲೇ ತುಂಬಿದ್ದಾರೆ, ಯಾರ ದನಿ ಯಾರ ಮನೆಯದು ಅನ್ನೋದು ಮಾತ್ರ ಅದಕ್ಕೆ ತಿಳಿಯದು. ಸಹಿ ಬೇಡ, ಹೆಬ್ಬೆಟ್ಟು ಬೇಡ, ದನಿ ಸಾಕು. ಓದು ಬಾರದವರಿಗೂ ಸುಲಭವಾಗಲಿ ಅಂತ ಹಾಗೆ ಮಾಡಿದ್ದಂತೆ. ಸುಲಭವಂತೆ!

ಆ ಮಧ್ಯಾಹ್ನ ನನ್ನ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಮುಗಿದಿತ್ತು, ಖುಷಿಯಲ್ಲಿ ಪುಸ್ತಕ ಎಸೆದು ಊಟಕ್ಕೆ ಕೂತಿದ್ದೆ. ಸೈರನ್ ಕೂಗಿತು. ಮಲಕಪ್ಪಣ್ಣನ ಬ್ಲಾಕೇ. ಅಜ್ಜಿ ಹೊರಗಿಂದ ಅರಚಿದಳು.

"ಏಯ್ ದಿವ್ಯಾ, ಗಾಡಿ ತೆಗಿಯೇ! ಆ ರುಕ್ಮವ್ವ ನಡ್ಕಂಡೇ ಓಯ್ತಾವ್ಳೆ!"

ಸ್ಕೂಟಿಯಲ್ಲೂ ರುಕ್ಮಕ್ಕ ನೆಟ್ಟಗೆ ಕೂರಲಿಲ್ಲ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ನನ್ನ ಭುಜ ಹಿಂಡುತ್ತಾ, "ಜಲ್ದಿ ತಂಗೀ, ಜಲ್ದಿ" ಅನ್ನುತ್ತಲೇ ಇದ್ದಳು. ಗೇಟಿನ ಮುಂದೆ ಆಗಲೇ ಸಾಲು ಬೆಳೆದಿತ್ತು. ದಪ್ಪ ಗಾಜಿನಾಚೆ ಕಂದು ಹೊಗೆ, ಹೊಗೆಯಲ್ಲಿ ಬಸ್ಸುಗಳು, ಬಸ್ಸುಗಳ ಪಕ್ಕ ಮೂಗಿಗೆ ಟವೆಲ್ ಕಟ್ಟಿಕೊಂಡ ಮಲಕಪ್ಪಣ್ಣ! ನಮ್ಮನ್ನು ನೋಡಿ ಎರಡೂ ಕೈ ಬೀಸಿದ. ಅವನ ಹಿಂದಿನ ಬಸ್ಸು ಎಂಜಿನ್ ಶುರು ಮಾಡಿತ್ತು.

ನಮ್ಮ ಸರದಿ ಬಂತು. ಗೇಟು ಒಳ್ಳೆ ನ್ಯೂಸ್ ಓದುವ ಹೆಂಗಸಿನ ದನಿಯಲ್ಲಿ ಕೇಳಿತು: "ದಯವಿಟ್ಟು ನಿಮ್ಮ ಸಂಬಂಧಿಯ ಹೆಸರು ಹೇಳಿ."

ರುಕ್ಮಕ್ಕ ಸೆರಗು ಎಳೆದುಕೊಂಡಳು. "ನಮ್ಮ ಮನಿಯವ್ರು."

"ಹೆಸರು ದೊರೆಯಲಿಲ್ಲ."

"ರುಕ್ಮಕ್ಕ, ಹೆಸರು ಹೇಳಬೇಕು! ಮಲಕಪ್ಪ ಅನ್ನು!" ಅಂದೆ ನಾನು.

"ಯವ್ವಾ, ಗಂಡನ ಹೆಸರ ಬಾಯಾಗ ತಗೊಂಡ್ರ ಅವ್ರ ಆಯುಷ್ಯ ಕಡಿಮಿ ಆಗತೈತಿ. ಇಷ್ಟ ವರ್ಷ ತಗೊಂಡಿಲ್ಲ. ಇವತ್ತ, ಅವ್ರು ಹೊಗಿಯಾಗ ನಿಂತಾಗ ತಗೋಳ್ಳೇನು?"

ನಾನೇ ಮೈಕಿಗೆ ಬಾಯಿಟ್ಟು "ಮಲಕಪ್ಪ!" ಅಂತ ಕಿರುಚಿದೆ. "ನೀವು ಕುಟುಂಬದವರಲ್ಲ, ಧನ್ಯವಾದಗಳು" ಅಂದಿತು ಗೇಟು. ಹಿಂದಿನವರು ಗೊಣಗತೊಡಗಿದರು. ಯಾರೋ "ಮೇಡಂ, ಬೇಗ ಮುಗ್ಸಿ, ನಮ್ಮಣ್ಣನೂ ಒಳಗವ್ನೆ" ಅಂದ. ರುಕ್ಮಕ್ಕನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ತಟ್ಟನೆ ಏನೋ ಹೊಳೆದವಳಂತೆ ಮೈಕಿಗೆ ಬಾಗಿದಳು.

"ಬಸಲಿಂಗನ ಅಪ್ಪ!"

"ಬಸಲಿಂಗ. ದೊರೆತಿದೆ."

ಸಣ್ಣ ಬಾಗಿಲು ತೆರೆಯಿತು. ಹೊಗೆಯಿಂದ ಹೊರಬಿದ್ದವನು ಯಾವನೋ ಹುಡುಗ, ಇಪ್ಪತ್ತರ ಪ್ರಾಯ, ಕಣ್ಣು ಕೆಂಡದ ಹಾಗೆ. ಅವನ ಹಿಂದೆ ಬಾಗಿಲು ಧಡ್ ಅಂತ ಮುಚ್ಚಿತು.

"ನನ್ನ ಯಾರ ಕರದ್ರಿ?"

"ನೀ ಯಾರಪಾ?"

"ಬಸಲಿಂಗ ರೀ. ಮಾನ್ವಿಯಾಂವ. ನಂಗಿಲ್ಲಿ ಯಾರೂ ಇಲ್ಲಲ್ರಿ!"

ಸಾಲಿನಲ್ಲಿದ್ದ ಅರ್ಧ ಜನ ನಕ್ಕರು, ಅಂಥ ಹೊತ್ತಿನಲ್ಲೂ! ರುಕ್ಮಕ್ಕ ನಗಲಿಲ್ಲ. "ಇಂವ ಅಲ್ಲ, ಇಂವನ ಒಳಗ ತಗೊಂಡು ಅವ್ರನ್ನ ಕೊಡು" ಅಂತ ಗೇಟಿಗೆ ಗುದ್ದಿದಳು. ಹುಡುಗ ಹೆದರಿ ಅವಳ ಕಾಲು ಹಿಡಿದ. "ಯಕ್ಕಾ, ಯಾಕ ಕರದ್ಯೋ ಏನೋ, ಹೊಳ್ಳಿ ಮಾತ್ರ ಕಳಸಬ್ಯಾಡ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಹೋಗ, ಮಕಾ ತೊಳ್ಕೊ" ಅಂದಳು. ಅವನು ಓಡಿದ.

"ನಿಮಗೆ ಇನ್ನು ಒಂದೇ ಅವಕಾಶವಿದೆ" ಅಂದಿತು ಗೇಟು.

ಗಾಜಿನಾಚೆ ಮಲಕಪ್ಪಣ್ಣನನ್ನು ಬಸ್ಸಿನ ಮೆಟ್ಟಿಲಿಗೆ ತಳ್ಳುತ್ತಿದ್ದರು. ಅವನು ಕಂಬಿ ಹಿಡಿದು ತಿರುಗಿ, ತನ್ನ ಬಾಯಿ ತೋರಿಸಿ, ಹೇಳು ಹೇಳು ಅಂತ ಸನ್ನೆ ಮಾಡಿದ. ರುಕ್ಮಕ್ಕ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. ನನಗೆ ಸಿಟ್ಟು, ಅಳು, ಎರಡೂ ಒಟ್ಟಿಗೇ ಬಂತು. ಒಂದು ಹೆಸರು, ಅಷ್ಟೇ ತಾನೇ!

ಆಗ ಸಾಲಿನ ಹಿಂದಿನಿಂದ ಒಬ್ಬ ಮುದುಕಿ ಎಲ್ಲರನ್ನೂ ಮೊಣಕೈಯಿಂದ ಸರಿಸಿಕೊಂಡು ಬಂದಳು. ಅವಳ ಹೆಸರು ಶೇಖವ್ವ ಅಂತ ಆಮೇಲೆ ಗೊತ್ತಾಯಿತು, ಮಗನನ್ನು ಬಿಡಿಸಲು ಬಂದಿದ್ದವಳು. ಬಂದವಳೇ ಗೇಟಿಗೆ ಬೆನ್ನು ಕೊಟ್ಟು, ಎರಡೂ ಕೈ ಅಡ್ಡ ಚಾಚಿ ನಿಂತಳು.

"ಏ ಮದುಮಗಳ! ಗಂಡನ ಹೆಸರ ಹೇಳಿ ಒಳಗ ಬಾ. ಹೇಳಲಿಲ್ಲಂದ್ರ ಹೊಸ್ತಿಲಾ ದಾಟಸಂಗಿಲ್ಲ!"

ರುಕ್ಮಕ್ಕ ಕಣ್ಣು ಬಿಟ್ಟಳು. ನನಗೆ ಏನೂ ಅರ್ಥವಾಗಲಿಲ್ಲ. ಪಕ್ಕದ ಹೆಂಗಸು ಅವಸರವಾಗಿ ವಿವರಿಸಿದಳು: ಅವರ ಕಡೆ ಮದುವೆಯಲ್ಲಿ ಹೊಸ ಸೊಸೆಯನ್ನು ಹೀಗೇ ಬಾಗಿಲಲ್ಲಿ ತಡೆಯುತ್ತಾರೆ, ಅವಳು ಹಾಡಿನಂಥ ಸಾಲುಗಳಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳಬೇಕು, ಒಡಪಿನಲ್ಲಿ ಹೇಳಿದರೆ ದೋಷವಿಲ್ಲ.

"ಒಡಪಾ ಹಾಕ!" ಅಂತ ಇನ್ನೊಬ್ಬಳು ಕೂಗಿದಳು. "ನಾಚ್ಕೋಬ್ಯಾಡ!" ಅಂತ ಮತ್ತೊಬ್ಬಳು. ಬಸ್ಸು ಹಾರ್ನ್ ಹೊಡೆಯಿತು. ರುಕ್ಮಕ್ಕ ಸೆರಗು ಹಲ್ಲಲ್ಲಿ ಕಚ್ಚಿ, ಬಿಟ್ಟು, ಒಂದೇ ಉಸಿರಲ್ಲಿ ಹೇಳಿದಳು:

"ಎಳ್ಳ ಹಚ್ಚಿದ ರೊಟ್ಟಿ, ಮ್ಯಾಲ ಬೆಣ್ಣಿ ಮುದ್ದಿ,
ಹೊಗಿಯಾಗ ನಿಂತಾರಂತ ಬಂದೈತಿ ಸುದ್ದಿ,
ಮಲಕಪ್ಪರ ಹೆಸರ ಹೇಳ್ತೀನಿ, ದೇವ್ರ ಕೊಡು ಗೇಟಿಗೆ ಬುದ್ಧಿ!"

ಹೆಂಗಸರು ಹೋ ಅಂದರು. ಗೇಟು ಸುಮ್ಮನಿತ್ತು. ಸುಮ್ಮನೇ ಇತ್ತು. ಒಡಪು ಅದಕ್ಕೆ ಯಾರು ಕಲಿಸಿದ್ದಾರೆ, ಹಾಳಾಗಿಹೋಯಿತು ಅಂದುಕೊಂಡೆ. ಬಸ್ಸಿನ ಬಾಗಿಲು ಅರ್ಧ ಮುಚ್ಚಿತ್ತು.

"ಮಲಕಪ್ಪ. ದೊರೆತಿದೆ."

ಅವನು ಕೆಮ್ಮುತ್ತಾ ಹೊರಬಂದ. ಟವೆಲ್ ಬಿಚ್ಚಿದವನ ಮುಖದಲ್ಲಿ ಮೂಗಿನ ಸುತ್ತ ಮಾತ್ರ ಬೆಳ್ಳಗಿತ್ತು. ರುಕ್ಮಕ್ಕನನ್ನೇ ನೋಡಿ ಕೇಳಿದ.

"ಒಳಗ ಸ್ಪೀಕರಿನಾಗ ಕೇಳ್ತು. ನೀನ ಏನ ಅದು?"

"ಒಡಪ ಹಾಕೀನಿ, ಬರೇ ಹೆಸರ ಅಲ್ಲ" ಅಂದಳು ಅವಳು ಗಡಬಡಿಸಿ. ಆಮೇಲೆ ಶೇಖವ್ವನ ಕಡೆ ತಿರುಗಿ, "ನಡಿತೈತಿ ಹೌದಲ್ಲ ಯವ್ವಾ? ಮದುವಿ ಇಲ್ಲದ ಹೇಳಿದ್ರೂ ನಡಿತೈತಲ್ಲ?"

ಶೇಖವ್ವ ಆಗಲೇ ಮೈಕಿಗೆ ಬಾಗಿ ಮಗನ ಹೆಸರು ಕೂಗುತ್ತಿದ್ದಳು.

ಅವರಿಬ್ಬರೂ ನಡೆದೇ ಬರುತ್ತೇವೆ ಅಂದರು. ನಾನು ಸ್ಕೂಟಿಯನ್ನು ನಿಧಾನಕ್ಕೆ ಪಕ್ಕದಲ್ಲೇ ಓಡಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಲಕಪ್ಪಣ್ಣನಿಗೆ ಮತ್ತೆ ಕೆಮ್ಮು ಬಂತು. ರುಕ್ಮಕ್ಕ ಬೆಚ್ಚಿ, ನಡುರಸ್ತೆಯಲ್ಲೇ ಅವನ ಕೈ ಹಿಡಿದಳು.

"ಮಂದಿ ನೋಡ್ತಾರ, ಬಿಡ."

"ನೋಡ್ಲಿ. ನೀರ ಕುಡೀರಿ, ಇನ್ನೊಮ್ಮಿ ಕೆಮ್ಮಬ್ಯಾಡ್ರಿ."

ಕೆಮ್ಮು ತಡೆಯಲು ನೋಡಿ ಅವನಿಗೆ ಇನ್ನೂ ಜೋರಾಗಿ ಬಂತು.