ಸೀದಿ ಬರ್ಕಾನರ ಏರಿನಲ್ಲಿ ನಿಂತ ಟ್ಯಾಕ್ಸಿ

ಆರಿಸ್ ಊರಿನ ಟ್ಯಾಕ್ಸಿ ಡ್ರೈವರ್ ದರ್ರಾಜಿ ಎಷ್ಟೋ ವರ್ಷಗಳಿಂದ ಒಬ್ಬ ಸತ್ತ ಸಂತರಿಗೆ ಹೆದರಿ ಬದುಕಿದ್ದ. ಬಾತ್ನಾ ನಗರಕ್ಕೆ ಹೋಗುವ ದಾರಿಯಲ್ಲಿ, ಬೆಟ್ಟದ ಏರು ಮುಗಿಯುವಲ್ಲಿ ಆ ಸಂತ ಸೀದಿ ಬರ್ಕಾನರ ಗೋರಿಯಿದೆ. ಅಲ್ಲಿ ಎಂಜಿನ್ ನಿಲ್ಲಿಸಿ, ಫಾತಿಹಾ ಪ್ರಾರ್ಥನೆ ಓದಿಯೇ ಮುಂದೆ ಹೋಗಬೇಕು; ಗದ್ದಲ ಮಾಡಿಕೊಂಡು ಹಾದುಹೋದವನಿಗೆ ಒಳ್ಳೆಯದಾಗುವುದಿಲ್ಲವಂತೆ. ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದ ಹೆಂಡತಿ ಹದ್ದಾಳನ್ನು ಬಾತ್ನಾದ ಆಸ್ಪತ್ರೆಗೆ ಒಯ್ಯುವಾಗಲೂ ಅವನು ಅಲ್ಲಿ ಎಂಜಿನ್ ಆಫ್ ಮಾಡಿದ್ದ. ಗಾಡಿ ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಎಂಜಿನ್ ತಣ್ಣಗಾಗಿ ಹೊರಡುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ನರಳಾಟ ನಿಂತಿತ್ತು.

ಸಂತರು ಮುನಿದರು ಎಂದಿತು ಊರು. ತಾನು ಮಾಡಿದ ತಪ್ಪೇನೆಂದು ಹುಡುಕುತ್ತ ದರ್ರಾಜಿ ಸೊರಗಿದ. ಗೋರಿಗೆ ಹಸಿರು ಬಟ್ಟೆ ಹೊದಿಸಿದ, ಕುರಿ ಕೊಯ್ದ. ಆದರೂ ಬೇಸಗೆ ಬಂತೆಂದರೆ ಗಾಡಿ ಅಲ್ಲೇ ಮೊಂಡುಹಿಡಿಯುತ್ತಿತ್ತು, ಹಿಂದಿನ ಸೀಟಿನಿಂದ ಅದೇ ನರಳಾಟ ಕೇಳಿಸುತ್ತಿತ್ತು. ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಮೆಕ್ಯಾನಿಕ್‌ಗೆ ಹೇಳೋಣವೆಂದರೆ, ಸಂತರ ಮುನಿಸಿಗೆ ಸ್ಪ್ಯಾನರ್ ಹಿಡಿಯುವುದುಂಟೇ!

ಮೊನ್ನೆ ಕ್ಲಚ್ ಹಾಕಿಸಲು ಹೋದಾಗ ಮೆಕ್ಯಾನಿಕ್ ಸಗೀರ್ ಎಂಜಿನ್ ಪಕ್ಕದಿಂದ ಹೆಬ್ಬೆರಳಿನಷ್ಟು ಕರಿ ತುಂಡೊಂದನ್ನು ಕಿತ್ತು ತೋರಿಸಿದ.

"ಅಣ್ಣಾ, ಈ ಸೆನ್ಸರ್ ಹೋಗಿದೆ. ಪಿಸ್ಟನ್ ಎಲ್ಲಿಗೆ ಬಂತು ಅಂತ ಇದು ಹೇಳ್ಬೇಕು, ಆಮೇಲೇ ಕಿಡಿ. ಓಡ್ತಿರೋವಾಗ ಹೇಗೋ ತಡ್ಕೊಳ್ಳುತ್ತೆ. ಏರು ಹತ್ತಿ ಕಾದಿರೋ ಗಾಡೀನ ಆಫ್ ಮಾಡಿದ್ಯೋ, ಆ ಶಾಖಕ್ಕೆ ಇದರ ಬಾಯಿ ಕಟ್ಟಿಹೋಗುತ್ತೆ. ಕಿಡಿ ಯಾವಾಗ ಹೊಡೀಬೇಕು ಅಂತ ಗೊತ್ತಾಗದೆ ಎಂಜಿನ್ ಸುಮ್ನೆ ಗಿರಗಿರ ತಿರುಗುತ್ತೆ, ಅಷ್ಟೆ."

"ಆಫ್ ಮಾಡದೇ ಇದ್ದಿದ್ರೆ?"

"ನೆಟ್ಟಗೆ ಬಾತ್ನಾ ಸೇರ್ತಿದ್ದೆ ಕಣಣ್ಣ. ಯಾಕೆ, ಮುಖ ಹಿಂಗಾಯ್ತು?"

ದರ್ರಾಜಿ ಹೊಸ ಸೆನ್ಸರ್ ಹಾಕಿಸಿದ, ಆದರೆ ಸಗೀರನ ಮಾತನ್ನು ನಂಬಲಿಲ್ಲ. ನಂಬುವ ಮನಸ್ಸೇ ಇರಲಿಲ್ಲ. ಸಂತರು ಕೊಂದದ್ದಾದರೆ ಅತ್ತು ಹಗುರಾಗಬಹುದಿತ್ತು. ತಾನೇ ಆಫ್ ಮಾಡಿ ಕೊಂದದ್ದಾದರೆ ಯಾರ ಮುಂದೆ ಅಳುವುದು?

ಮರುದಿನ ಉರಿಬಿಸಿಲಿನಲ್ಲಿ ಹದ್ದಾಳ ತಾಯಿ ಜರ್ಫಾಳನ್ನು ಕೂರಿಸಿಕೊಂಡು ಏರು ಹತ್ತಿದ. ಗೋರಿಯ ಮುಂದೆ ಎಂಜಿನ್ ಆಫ್ ಮಾಡಿ, ಶಾಖ ಏರಲೆಂದು ಬೇಕೆಂತಲೇ ತಡಮಾಡಿದ.

"ಎಷ್ಟು ಹೊತ್ತು ಓದ್ತೀಯೋ ಮಗಾ? ಇಮಾಮ್ ಆಗೋ ಆಸೆ ಬಂತಾ?" ಎಂದು ಮುದುಕಿ ರೇಗಿಸಿದಳು.

'ಸೀದಿ, ಸ್ಟಾರ್ಟ್ ಆಗದಿರಲಿ' ಎಂದು ಬೇಡಿಕೊಂಡು ಅವನು ಕೀ ತಿರುಗಿಸಿದ.

ಒಂದೇ ಏಟಿಗೆ ಸ್ಟಾರ್ಟ್ ಆಯಿತು.

"ನೋಡಿದ್ಯಾ! ಕೊನೆಗೂ ನಿನ್ನ ಕ್ಷಮಿಸಿಬಿಟ್ರು ಕಣೋ!" ಎಂದು ಜರ್ಫಾ ಅಳುತ್ತಲೇ ಕೀ ತಿರುಗಿಸಿದ ಅವನ ಬಲಗೈ ಎಳೆದುಕೊಂಡು ಮುತ್ತಿಟ್ಟಳು.