ಎಮ್ಮೆ ತಿಂದ ಬೀಜದ ಬದನೆ

ಹೊಸ ಸೊಸೆಯ ಉಮೇದಿಗೆ ಲಗಾಮು ಇರುವುದಿಲ್ಲ. ಹಾವೇರಿ ಪೇಟೆಯಲ್ಲಿ ಗುಮಾಸ್ತರ ಮಗಳಾಗಿ ಬೆಳೆದ ನನ್ನನ್ನು ಎಂಬತ್ತರ ದಶಕದ ಕೊನೆಯಲ್ಲಿ ಕರ್ಜಗಿ ಕಡೆಯ ತೋಟದ ಮನೆಗೆ ಕೊಟ್ಟರು. "ಪ್ಯಾಟಿ ಹುಡುಗಿ, ಏನ ಕೆಲಸ ಮಾಡ್ತಾಳ ಬಿಡು" ಎಂದು ಅಕ್ಕಪಕ್ಕದವರು ನಕ್ಕದ್ದು ಕಿವಿಗೆ ಬಿದ್ದಿತ್ತು. ಮಾಡಿ ತೋರಿಸಿಯೇ ಬಿಡಬೇಕೆಂದು ನನಗೆ ಮೈಯೆಲ್ಲ ಹುರುಪು.

ತೋಟದ ಚರಿತ್ರೆ ಹೇಳಲು ನನ್ನ ಗಂಡನ ಅಜ್ಜಿಗೆ ನೆವ ಬೇಕಿರಲಿಲ್ಲ. ಮನೆಮಂದಿಗೆಲ್ಲ ಅವರು 'ಆಯಿ'. ಅವರ ಮಾವ ಬಾವಿ ತೋಡಿಸಿ ಬದನೆ ಹಾಕಿದರು, ಗಂಡ ಪೇರಲ, ಮಾವು ನೆಟ್ಟರು, ಮಗ, ಅಂದರೆ ನನ್ನ ಮಾವ, ಬಾಳೆ ತಂದರು. ಮೆಣಸಿನಕಾಯಿ ಬ್ಯಾಡಗಿಗೆ ಹೋಗುತ್ತಿತ್ತು, ಉಳಿದದ್ದೆಲ್ಲ ಹಾವೇರಿ ಸಂತೆಗೆ. ಆದರೆ ಮನೆತನದ ಹೆಸರು ನಿಂತಿದ್ದು ಮೊದಲಿನ ಆ ಬದನೆಯ ಮೇಲೆ. ಹಸಿರು ಮೈಗೆ ಬಿಳಿ ಗೀರು, ತೊಟ್ಟಿಗೆ ಮುಳ್ಳು, ಎಣ್ಣೆಗಾಯಿ ಮಾಡಿದರೆ ಬೆಣ್ಣೆ! ಸಂತೆಯಲ್ಲಿ ಬುಟ್ಟಿ ಇಳಿಸುವ ಮೊದಲೇ ಜನ ಮುಕುರುತ್ತಿದ್ದರು. ಬೀಜವನ್ನು ಮಾತ್ರ ಆಯಿ ಯಾರಿಗೂ ಕೊಟ್ಟವರಲ್ಲ. ತವರಿನವರು ಕೇಳಿದರೂ, "ಕಾಯಿ ಒಯ್ರಿ, ಬೀಜ ಕೇಳಬ್ಯಾಡ್ರಿ" ಎನ್ನುತ್ತಿದ್ದರಂತೆ.

ಹಂಗಾಮು ಮುಗಿದಾಗ ಒಳ್ಳೆಯ ಆರು ಗಿಡ ಬಿಟ್ಟು ಉಳಿದವನ್ನು ಕೀಳುತ್ತಿದ್ದರು. ಆ ಆರರ ಕಾಯಿ ಬಲಿತು ಹಳದಿಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ಮುಂದಿನ ವರ್ಷದ ಬೀಜ ಅದೇ. ಆ ಮನೆಯ ಕೂಸಿಗೂ ಗೊತ್ತಿದ್ದ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಎಮ್ಮೆ ನೋಡಿಕೊಳ್ಳಲು ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಬ್ಯಾಡಗಿಗೆ ಮದುವೆಗೆ ಹೋಗಿದ್ದರು. ಖಾಲಿ ಹೊಲದ ಮೂಲೆಯಲ್ಲಿ ಆರು ಗಿಡ, ತುಂಬ ಹಳದಿ ಬದನೆ! ಅಯ್ಯೋ, ನೋಡುವವರಿಲ್ಲದೆ ಹಾಳಾಗಿವೆ ಅಂದುಕೊಂಡೆ. ಸೆರಗು ಸಿಕ್ಕಿಸಿ ಕಾಯಿ ಹರಿದೆ, ಗಿಡ ಕಿತ್ತೆ, ಕಾಯಿಗಳನ್ನೆಲ್ಲ ಕೊಚ್ಚಿ ಎಮ್ಮೆಯ ಮುಂದೆ ಸುರಿದೆ. ಎಮ್ಮೆಗೆ ಖುಷಿಯೋ ಖುಷಿ. ನನಗೆ ಅದಕ್ಕಿಂತ ಹೆಚ್ಚು.

ಸಂಜೆ ಅವರು ಬರುತ್ತಲೇ ಓಡಿದೆ. "ಆಯೀ, ಮೂಲ್ಯಾಗಿನ ಹಾಳ ಬದನಿಗಿಡ ಎಲ್ಲಾ ಕಿತ್ತು ಹಸನ ಮಾಡೇನ್ರಿ!"

ಆಯಿ ಚಪ್ಪಲಿ ಬಿಡುವುದನ್ನೂ ಮರೆತರು. "ಕಾಯಿ ಎಲ್ಲಿ?"

"ಎಮ್ಮಿಗೆ ಹಾಕಿದ್ನಿರಿ."

"ಯವ್ವಾ ನನ್ನ ತಾಯೀ! ಹಿರ್ಯಾರು ಉಳಿಸಿಕೊಂಡು ಬಂದ ಬೀಜ, ಒಂದ ದಿನದಾಗ ಎಮ್ಮಿ ಹೊಟ್ಟಿಗೆ ಹಾಕಿದೆಲ್ಲ!"

ನಾನು ಭೂಮಿಗಿಳಿದುಹೋದೆ. ಹಳೆಯ ಬೀಜ ಮನೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಮಾವ ತಾಯಿಯನ್ನು ಸಮಾಧಾನ ಮಾಡಲು, "ಹೋಗ್ಲಿ ಬಿಡಬೇ ಯವ್ವಾ, ರಾಣೆಬೆನ್ನೂರಾಗ ಪ್ಯಾಕೆಟ್ ಬೀಜ ಬೇಕಾದಷ್ಟು ಸಿಗ್ತಾವು" ಎಂದರು. "ಅವು ಮಂದಿ ಬದನಿ" ಎಂದು ಆಯಿ ಮುಖ ತಿರುಗಿಸಿದರು. ನನ್ನೊಂದಿಗೆ ಮಾತೇ ಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಂಡ ಬೇರೆ, "ಈಗ ಎಮ್ಮಿ ಹಾಲು ಕುಡದ ನೋಡು, ಎಣ್ಣಿಗಾಯಿ ರುಚಿ ಬರ್ತೈತಿ" ಎಂದು ಚೇಷ್ಟೆ ಮಾಡಿದರು. ಕೈಯಲ್ಲಿದ್ದ ಲಟ್ಟಣಿಗೆಯಿಂದ ಬಾರಿಸಬೇಕೆನಿಸಿತು.

ಮಳೆ ಬಿದ್ದು ಎರಡು ವಾರವಾಗಿರಬೇಕು. ಸಗಣಿ ಚೆಲ್ಲಲು ತಿಪ್ಪೆಗೆ ಹೋದವಳು ಬುಟ್ಟಿ ಅಲ್ಲೇ ಒಗೆದೆ. ಅಂದು ಎಮ್ಮೆ ತಿಂದು ಉಳಿಸಿದ್ದ ಚೂರುಪಾರು ಗುಡಿಸಿ ಹಾಕಿದ್ದ ಕಡೆ, ತಿಪ್ಪೆಯ ಅಂಚಿಗೆ, ಒತ್ತೊತ್ತಾಗಿ ಎಳೆ ಸಸಿ!

"ಆಯೀ, ಲಗೂ ಬರ್ರಿ! ಬದನಿ ಹುಟ್ಯಾವ್ರಿ!" ನನ್ನ ಕೂಗಿಗೆ ಎಮ್ಮೆ ಬೆದರಿ ಹಗ್ಗ ಜಗ್ಗಿತು.

ಆಯಿ ಬಂದರು. ಒಂದು ಎಲೆ ಹೊಸಕಿ ಮೂಗಿಗೆ ಹಿಡಿದರು. "ಬದನಿ ಖರೇ. ನಮ್ಮವೋ ಅಲ್ಲೋ, ಕಾಯಿ ಬಿಟ್ಟಾಗ ಗೊತ್ತಾಗತೈತಿ." ಅಷ್ಟು ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಸಸಿ ಕಿತ್ತು ಸಾಲಿಗೆ ನೆಟ್ಟೆವು. ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ಹೂ ಬಿಟ್ಟ ಮೇಲಂತೂ ಎಂಟು ಸಲ. ಒಂದು ಬೆಳಿಗ್ಗೆ ಎಲೆ ಎತ್ತಿದರೆ ಹೆಬ್ಬೆರಳಿನಷ್ಟು ಕಾಯಿ. ಹಸಿರು ಮೈ, ಮೇಲೆ ಬಿಳಿ ಗೀರು! ಅಲ್ಲೇ ಕೂತು ಹುಚ್ಚಿಯಂತೆ ನಗುತ್ತಲೇ ಅತ್ತುಬಿಟ್ಟೆ. ಆ ವರ್ಷ ಹಾವೇರಿ ಸಂತೆಗೆ ಮೊದಲ ಬುಟ್ಟಿ ನಾನೇ ಹೊತ್ತೆ.

ಹಂಗಾಮಿನ ಕೊನೆಗೆ ಆಯಿ, "ಬೀಜಕ್ಕ ಆರು ಗಿಡ ನೀನ ಆರಿಸು" ಎಂದರು. ನಾನು ಹನ್ನೆರಡು ಗಿಡಗಳಿಗೆ ಗುರುತಿಗೆಂದು ಅರಿವೆ ಚೂರು ಕಟ್ಟಿದೆ.

"ಯಾಕ ಇಷ್ಟು?"

"ಆರು ನಮಗ, ಆರು ಊರಾಗ ಕೇಳಿದವರಿಗೆ. ನಾಳೆ ನನ್ನಂಥಾಕಿ ಇನ್ನೊಬ್ಬಾಕಿ ಬಂದ್ರ, ಅವರ ಮನ್ಯಾಗರ ಉಳೀತಾವಲ್ರಿ, ಆಯೀ."

ಆಯಿಯ ಮುಖ ಗಂಟಾಯಿತು. ಕೆಟ್ಟೆ ಅಂದುಕೊಂಡೆ, ಆದರೂ ಕಟ್ಟಿದ ಅರಿವೆ ಬಿಚ್ಚಲಿಲ್ಲ. ಅವರು ಗಿಡಗಳನ್ನು ಒಂದೊಂದಾಗಿ ನೋಡುತ್ತ ಸಾಲಿನ ಕೊನೆಯವರೆಗೂ ಹೋದರು.

"ನನ್ನೇನ ಕೇಳ್ತಿ?" ಎಂದರು ಅಲ್ಲಿಂದಲೇ. "ತ್ವಾಟ ನಿಂದು."